ಹಚ್ಚೆಯಿದ್ದವರಿಗೂ ಬಾಗಿಲು ತೆರೆದ ಕಿನೋಸಾಕಿಯ ಬಿಸಿನೀರಿನ ಸ್ನಾನಗೃಹಗಳು

ಜಪಾನಿನ ಹ್ಯೋಗೊ ಪ್ರಾಂತ್ಯದಲ್ಲಿ ಕಿನೋಸಾಕಿ ಎಂಬ ಸಣ್ಣ ಊರಿದೆ. ಅಲ್ಲಿನ ಏಳು ಸಾರ್ವಜನಿಕ ಬಿಸಿನೀರಿನ ಸ್ನಾನಗೃಹಗಳಲ್ಲಿ ಯಾವುದಕ್ಕೂ ಹಚ್ಚೆಯಿದ್ದವರು ಬರಬಾರದೆಂಬ ನಿರ್ಬಂಧವಿಲ್ಲ. ನಾವು ಆ ಊರನ್ನು ಆರಿಸಿಕೊಂಡದ್ದು ಇದೊಂದೇ ಕಾರಣಕ್ಕೆ. ಗಂಗಾವತಿ ಸೀಮೆಯ ಹಳೆಯ ತಲೆಮಾರಿನ ಎಷ್ಟೋ ಹೆಂಗಸರಿಗಿರುವಂತೆ ಅವ್ವನ ಎರಡೂ ಮುಂಗೈಗಳ ಮೇಲೆ, ಮದುವೆಗೆ ಮುಂಚೆ ಊರಿಗೆ ಬಂದ ಕೊರವಂಜಿ ಹಾಕಿದ ಹಸಿರು ಹಚ್ಚೆಯಿದೆ. ಓಸಾಕಾದಲ್ಲಿ ಕೆಲಸದಲ್ಲಿರುವ ತಮ್ಮನ ಬಲತೋಳಿನಲ್ಲಿ ಭುಜದಿಂದ ಮೊಣಕೈವರೆಗೆ ಅಂಜನಾದ್ರಿಯ ಹನುಮಪ್ಪನಿದ್ದಾನೆ. ಇಂಥ ಕುಟುಂಬವೊಂದು ಜಪಾನಿನಲ್ಲಿ ಸ್ನಾನಕ್ಕೆ ಹೊರಟರೆ, ಮೊದಲು ವಿಚಾರಿಸಬೇಕಾದದ್ದು ನೀರಿನ ಗುಣವನ್ನಲ್ಲ, ಬಾಗಿಲಲ್ಲಿ ಬರೆದಿರುವ ನಿಯಮವನ್ನು.

ಹಚ್ಚೆಯಿದ್ದವರನ್ನು ಸ್ನಾನಗೃಹದಿಂದ ಹೊರಗಿಡುವ ಕಾನೂನು ಜಪಾನಿನಲ್ಲಿಲ್ಲ. ಬಿಡುವುದೂ ಬಿಡದಿರುವುದೂ ಆಯಾ ಜಾಗವನ್ನು ನಡೆಸುವವರ ನಿರ್ಧಾರ. ಅಲ್ಲಿನ ಪ್ರವಾಸೋದ್ಯಮ ಇಲಾಖೆ 2015ರಲ್ಲಿ ವಸತಿಗೃಹಗಳನ್ನು ವಿಚಾರಿಸಿದಾಗ, ಉತ್ತರಿಸಿದವರಲ್ಲಿ ಶೇ. 56ರಷ್ಟು ಮಂದಿ ನಿರಾಕರಿಸುತ್ತೇವೆಂದೂ, ಶೇ. 31ರಷ್ಟು ಮಂದಿ ನಿರಾಕರಿಸುವುದಿಲ್ಲವೆಂದೂ, ಉಳಿದವರಲ್ಲಿ ಹೆಚ್ಚಿನವರು ಹಚ್ಚೆಯನ್ನು ಮುಚ್ಚಿಕೊಂಡು ಬಂದರೆ ಬಿಡುತ್ತೇವೆಂದೂ ಹೇಳಿದ್ದರು. ಇದರ ಹಿಂದೆ ದೀರ್ಘ ಇತಿಹಾಸವೇ ಇದೆ. ಎದೊ ಕಾಲದಲ್ಲಿ (1603–1868) ಅಪರಾಧಿಗಳ ಮೈಮೇಲೆ ಗುರುತಿನ ಹಚ್ಚೆ ಹಾಕುವ ಶಿಕ್ಷೆಯಿತ್ತು. 1872ರಲ್ಲಿ, ಆ ನಂತರ ಬಂದ ಮೇಜಿ ಚಕ್ರವರ್ತಿಯ ಸರ್ಕಾರ ಹಚ್ಚೆ ಹಾಕುವುದನ್ನೇ ನಿಷೇಧಿಸಿತು. 1948ರಲ್ಲಿ ನಿಷೇಧ ತೆರವಾದರೂ, ಮೈತುಂಬ ಚಿತ್ರ ಬರೆಸಿಕೊಳ್ಳುವ ಯಾಕುಜಾ ಎಂಬ ಅಪರಾಧಿ ಗುಂಪುಗಳ ದೆಸೆಯಿಂದ ಜನರ ಮನಸ್ಸಿನಲ್ಲಿ ಭಯ ಉಳಿದುಕೊಂಡಿತು. ಹೀಗಾಗಿ ರೌಡಿಗಳನ್ನು ದೂರವಿಡಲು ತೂಗಿದ ಫಲಕ, ನಮ್ಮ ಅವ್ವನಂಥವರನ್ನೂ ತಡೆಯುತ್ತದೆ.

ಹೆಂಗಸರ ಹಚ್ಚೆ ಆ ದೇಶಕ್ಕೆ ಅಪರಿಚಿತವೇನೂ ಅಲ್ಲ ಎಂಬುದು ನನಗೆ ಹೆಚ್ಚು ವಿಚಿತ್ರವಾಗಿ ಕಂಡಿತು. ಓಕಿನಾವಾ ದ್ವೀಪಗಳಲ್ಲಿ ಹೆಂಗಸರು ಕೈಗಳ ಮೇಲೆ, ಉತ್ತರದ ಹೊಕ್ಕೈದೊ ಕಡೆಯ ಐನು ಎಂಬ ಮೂಲನಿವಾಸಿ ಹೆಂಗಸರು ತುಟಿಯ ಸುತ್ತ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಐನು ಪದ್ಧತಿಯನ್ನು 1871ರಲ್ಲಿ, ಓಕಿನಾವಾದ ಪದ್ಧತಿಯನ್ನು 1899ರಲ್ಲಿ ಸರ್ಕಾರವೇ ನಿಲ್ಲಿಸಿತು. 2013ರಲ್ಲಿ ಅದೇ ಹೊಕ್ಕೈದೊದಲ್ಲಿ, ಮೂಲನಿವಾಸಿ ಭಾಷೆಗಳ ಸಭೆಗೆಂದು ನ್ಯೂಜಿಲೆಂಡಿನಿಂದ ಬಂದಿದ್ದ ಮಾವೊರಿ ಮಹಿಳೆಯೊಬ್ಬರನ್ನು, ಅವರ ಮುಖದ ಮೇಲಿದ್ದ ಸಾಂಪ್ರದಾಯಿಕ ಹಚ್ಚೆಯ ಕಾರಣಕ್ಕೆ ಸ್ನಾನಗೃಹವೊಂದು ಹಿಂದಕ್ಕೆ ಕಳುಹಿಸಿತ್ತು.

ಓಸಾಕಾದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಕಿನೋಸಾಕಿಗೆ ಮೂರು ಗಂಟೆಯೊಳಗಿನ ಪ್ರಯಾಣ. ಊರ ನಡುವೆ ಸಣ್ಣ ಕಾಲುವೆ, ಅದರ ದಡದುದ್ದಕ್ಕೂ ವಿಲೋ ಮರಗಳು, ಅಲ್ಲಲ್ಲಿ ಕಲ್ಲಿನ ಕಿರುಸೇತುವೆಗಳು. 1925ರ ಭೂಕಂಪದಲ್ಲಿ ನಾಶವಾದ ಊರನ್ನು ಮತ್ತೆ ಹಳೆಯ ಶೈಲಿಯಲ್ಲೇ ಮರದ ಮನೆಗಳಿಂದ ಕಟ್ಟಿದ್ದಾರೆ. ರಾತ್ರಿ ತಂಗುವ ಅತಿಥಿಗಳಿಗೆ ಏಳೂ ಸ್ನಾನಗೃಹಗಳಿಗೆ ಪ್ರವೇಶ ಕೊಡುವ ಪಾಸು ವಸತಿಗೃಹದಲ್ಲೇ ಸಿಗುತ್ತದೆ, ಅದಕ್ಕೆ ಬೇರೆ ಹಣವಿಲ್ಲ. ಅವರೇ ಕೊಡುವ ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟು, ಮರದ ಪಾದರಕ್ಷೆ ಮೆಟ್ಟಿ, ಜನ ಒಂದು ಸ್ನಾನಗೃಹದಿಂದ ಮತ್ತೊಂದಕ್ಕೆ ಬೀದಿಯಲ್ಲೇ ನಡೆದು ಹೋಗುತ್ತಾರೆ. ಇಡೀ ಊರನ್ನೇ ಒಂದು ವಸತಿಗೃಹವೆಂದು ಭಾವಿಸಿ ನಡೆಸುವ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು.

ನಿಜವಾದ ಕಷ್ಟ ಹಚ್ಚೆಯದಲ್ಲ, ಬಟ್ಟೆಯದು. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಕೋಣೆಗಳಿವೆಯಾದರೂ, ಒಳಗೆ ಎಲ್ಲರೂ ಪೂರ್ಣ ಬೆತ್ತಲೆಯಾಗಿಯೇ ಇಳಿಯಬೇಕು, ಈಜುಡುಗೆಗೂ ಅವಕಾಶವಿಲ್ಲ. “ಹುಲಿಗೆಮ್ಮನ ಹೊಳ್ಯಾಗ ಸೀರಿ ಉಟ್ಕೊಂಡು ಮುಳುಗಿದಾಕಿ ನಾ, ಇಲ್ಲಿ ಹೆಂಗ ಹೋಗ್ಲಿ” ಎಂದು ಅವ್ವ ಬಟ್ಟೆ ಬದಲಿಸುವ ಕೋಣೆಯಲ್ಲೇ ಕುಳಿತುಬಿಟ್ಟಿದ್ದಳು. ಅಲ್ಲಿ ಯಾರೂ ಯಾರನ್ನೂ ದಿಟ್ಟಿಸುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಎದ್ದದ್ದು. ತೊಟ್ಟಿಗೆ ಇಳಿಯುವ ಮುನ್ನ, ಸಾಲಾಗಿಟ್ಟ ಕಿರುಪೀಠಗಳ ಮೇಲೆ ಕುಳಿತು ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಳ್ಳಬೇಕು, ಉದ್ದ ಕೂದಲನ್ನು ಮೇಲಕ್ಕೆ ಕಟ್ಟಬೇಕು, ಕೈಯಲ್ಲಿರುವ ಸಣ್ಣ ಟವೆಲ್ಲನ್ನು ನೀರಿಗೆ ಅದ್ದಬಾರದು. ಹಚ್ಚೆ ಇದ್ದರೂ ಸರಿ, ಮೈ ತೊಳೆಯದೆ ನೀರಿಗಿಳಿಯುವವರನ್ನು ಮಾತ್ರ ಅಲ್ಲಿ ಯಾರೂ ಒಪ್ಪುವುದಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅವ್ವನ ಮುಂಗೈಯನ್ನು ಒಮ್ಮೆ ನೋಡಿ, ಮತ್ತೆ ಕಣ್ಣುಮುಚ್ಚಿ ಕಲ್ಲಿಗೆ ಒರಗಿದರು. ಗಂಡಸರ ಕಡೆಯಲ್ಲೂ ಹನುಮಪ್ಪನ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲವೆಂದು ತಮ್ಮ ಹೇಳಿದ. ಓಸಾಕಾದ ಹೋಟೆಲೊಂದರ ಸ್ನಾನಗೃಹದಲ್ಲಿ ಅವನನ್ನು ಬಹಳ ವಿನಯದಿಂದ, ಎರಡು ಬಾರಿ ತಲೆಬಾಗಿಸಿಯೇ, ಹೊರಗೆ ಕಳುಹಿಸಿದ್ದರಂತೆ.

ನೀರು 42 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ರಾಯಚೂರಿನ ವೈಶಾಖದ ಮಧ್ಯಾಹ್ನವನ್ನು ಕುತ್ತಿಗೆಯವರೆಗೆ ಹೊದ್ದುಕೊಂಡ ಹಾಗೆ. ರಕ್ತದೊತ್ತಡದ ತೊಂದರೆಯಿರುವವರು ಬೇಗ ಮೇಲೇಳುವುದು ಒಳ್ಳೆಯದು. ಏಳರಲ್ಲಿ ನನಗೆ ಮೆಚ್ಚುಗೆಯಾದದ್ದು ಗೋಶೊನೊ ಯು. ಬಯಲಿನ ತೊಟ್ಟಿಯ ಹಿಂದೆಯೇ ಗುಡ್ಡ, ಅಲ್ಲಿಂದ ಧುಮುಕುವ ನೀರು. ಗಾಯಗೊಂಡ ಕೊಕ್ಕರೆಯೊಂದು ಇಲ್ಲಿನ ಬಿಸಿನೀರಿನಲ್ಲಿ ನಿಂತು ಗುಣವಾಯಿತೆಂಬ ಐತಿಹ್ಯವುಳ್ಳ ಕೊನೊ ಯು ಊರಂಚಿನಲ್ಲಿದ್ದು, ಹೆಚ್ಚು ನಿಶ್ಶಬ್ದವಾಗಿದೆ.

ಕುಂದುಗಳೂ ಇವೆ. ಸ್ನಾನಗೃಹಗಳಿಗೆ ಬೇರೆಬೇರೆ ದಿನ ರಜೆಯಿರುವುದರಿಂದ, ಹೋದ ದಿನ ಏಳೂ ತೆರೆದಿರುತ್ತವೆಂದು ನೆಚ್ಚುವಂತಿಲ್ಲ. ರಾತ್ರಿ ಊಟಕ್ಕೆ ಮುಂಚಿನ ಹೊತ್ತಿನಲ್ಲಿ ವಿಪರೀತ ಜನ. ನವೆಂಬರಿನಿಂದ ಮಾರ್ಚ್‌ವರೆಗಿನ ಏಡಿಯ ಹಂಗಾಮಿನಲ್ಲಿ ವಸತಿಯ ದರ ಏರುತ್ತದೆ; ಸಸ್ಯಾಹಾರಿಗಳಿಗಂತೂ ಅದರಿಂದ ಯಾವ ಲಾಭವೂ ಇಲ್ಲ. ತರಕಾರಿಯ ಸಾರಿಗೂ ಒಣಮೀನಿನ ರಸವನ್ನೇ ಹಾಕುವ ರೂಢಿಯಿರುವುದರಿಂದ, ಕೋಣೆ ಕಾದಿರಿಸುವಾಗಲೇ ಸ್ಪಷ್ಟವಾಗಿ ತಿಳಿಸಬೇಕು. ನಾವು ಊರಿನಿಂದ ಒಯ್ದಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಮೇಲೆಯೇ ಹೆಚ್ಚು ಅವಲಂಬಿತರಾದೆವು. ಐದು ಅಂಕಗಳಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಊಟದ್ದು.

ಕಿನೋಸಾಕಿ ದೂರವಾದರೆ, ಎಹಿಮೆ ಪ್ರಾಂತ್ಯದ ಮಾತ್ಸುಯಾಮಾ ನಗರದಲ್ಲಿ 1894ರ ಮರದ ಕಟ್ಟಡದಲ್ಲಿರುವ ದೋಗೊ ಒನ್ಸೆನ್ ಎಂಬ ಬಿಸಿನೀರಿನ ಸ್ನಾನಗೃಹದಲ್ಲೂ, ಬೆಪ್ಪು ನಗರದ ಹಲವು ಸ್ನಾನಗೃಹಗಳಲ್ಲೂ ಹಚ್ಚೆಗೆ ಅಡ್ಡಿಯಿಲ್ಲ. ಬೇರೆಡೆ ಹೋಗುವವರು ಗಂಟೆಯ ಲೆಕ್ಕದಲ್ಲಿ ಕುಟುಂಬಕ್ಕಷ್ಟೇ ಬಾಡಿಗೆಗೆ ಸಿಗುವ ಸ್ನಾನದ ಕೋಣೆಯನ್ನು ಕೇಳಬಹುದು; ಬೆತ್ತಲೆಗೆ ಅಳುಕುವ ನಮ್ಮ ಕಡೆಯವರಿಗೆ ಅದೇ ಹೆಚ್ಚು ಅನುಕೂಲ. ಸಣ್ಣ ಹಚ್ಚೆಯಿದ್ದವರಿಗೆ ಮೈಬಣ್ಣದ ಸ್ಟಿಕ್ಕರ್ ಸಾಕಾಗುತ್ತದೆ. ಆದರೆ ಅಲ್ಲಿ ಮಾರುವವು ಹೆಚ್ಚಾಗಿ ಜಪಾನೀಯರ ಮೈಬಣ್ಣಕ್ಕೆ ಹೊಂದುವಂಥವು. ತಮ್ಮ ಒಂದನ್ನು ತನ್ನ ತೋಳಿಗೆ ಅಂಟಿಸಿ ನೋಡಿದಾಗ ಹನುಮಪ್ಪನಿಗಿಂತ ಸ್ಟಿಕ್ಕರೇ ಎದ್ದು ಕಾಣುತ್ತಿತ್ತು.