‘ಯಾವ ಹವೆಗೂ ಜಗ್ಗದ ಟೆರೇಸ್ ತೋಟ’ ಅಂತ ಮಾರುವವರ ಬಗ್ಗೆ ಹುಷಾರು

ಬೆಂಗಳೂರಿನಲ್ಲಿ ಟೆರೇಸ್ ಮೇಲೆ ತರಕಾರಿ ಬೆಳೆಯೋಣ ಅಂದುಕೊಂಡಿರುವವರು ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ. ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), ಮಣ್ಣು, ಬೀಜ, ನೆರಳಿಗೆ ಕಟ್ಟುವ ಶೇಡ್ ನೆಟ್ ಎಲ್ಲಾ ಸೇರಿಸಿ ಒಂದೇ ದಿನದಲ್ಲಿ ತೋಟ ಮಾಡಿಕೊಡ್ತೀವಿ, ಬಿಸಿಲು ಮಳೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡಿ ಅಂತ ಪ್ಯಾಕೇಜ್ ಮಾರುತ್ತಾರಲ್ಲ, ಅದನ್ನು ನಾವು 2024ರ ಫೆಬ್ರವರಿಯಲ್ಲಿ ತೆಗೆದುಕೊಂಡೆವು. 28 ಸಾವಿರ ರೂಪಾಯಿ.

ಆ ವರ್ಷದ ಬೇಸಿಗೆ ಯಾರಿಗೆ ನೆನಪಿಲ್ಲ! ಮಾರ್ಚ್‌ನಲ್ಲಿ ಜಲಮಂಡಳಿ, ಗಿಡಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದಿತು. ಏಪ್ರಿಲ್‌ನಲ್ಲಿ ನಗರಕ್ಕೆ ಮಳೆಯೇ ಇಲ್ಲ, ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಹಿಡಿದಿಟ್ಟು ಹಾಕುತ್ತಿದ್ದೆ. ಎಲೆಯ ಅಂಚು ಸುಟ್ಟುಕೊಂಡೇ ಬಂತು. ಪ್ಯಾಕೇಜ್ ಮಾರಿದವರಿಗೆ ಫೋನ್ ಮಾಡಿದರೆ ‘ನೀರು ಸಾಲ್ತಿಲ್ಲ ಮೇಡಂ’ ಅಂತ ಒಂದೇ ಮಾತು. ಅಗ್ರಿ ಓದಿದ ನನ್ನ ನಾದಿನಿ ಬಂದು ಮಣ್ಣು ಕೆದಕಿ ನೋಡಿದಳು. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತೊಳೆಯದೇ ತುಂಬಿದ್ದಾರೆ ಅತ್ತಿಗೆ ಅಂದಳು. ಅದರಲ್ಲಿ ಉಪ್ಪಿರುತ್ತದೆ, ನೆನೆಸಿ ಎರಡು ಮೂರು ಸಲ ನೀರು ಬಸಿದೇ ಬಳಸಬೇಕು. ನೀರು ಕಮ್ಮಿ ಹಾಕಿದಷ್ಟೂ ಆ ಉಪ್ಪು ಬೇರಿನ ಸುತ್ತಲೇ ನಿಲ್ಲುತ್ತದೆ.

ಟೊಮೆಟೊ ಹೂ ಉದುರಿದ್ದನ್ನು ಅವರ ತಲೆಗೆ ಕಟ್ಟುವುದಿಲ್ಲ. ಬಿಸಿಲು 35 ದಾಟಿದರೆ ಹೂವು ಕಾಯಿ ಕಚ್ಚುವುದು ಕಷ್ಟ. ಆದರೆ ವರ್ಷವಿಡೀ ಕಾಯಿ ಬಿಡುತ್ತೆ ಅಂತ ಮಾರಿದ್ದು ಯಾಕೆ?

ನಿಜವಾದ ನಷ್ಟ ಆಗಿದ್ದು ಜೂನ್ 2ರ ಮಳೆಗೆ. ಒಂದೇ ದಿನ 111 ಮಿಲಿಮೀಟರ್, ಜೂನ್ ತಿಂಗಳಿಗೆ 133 ವರ್ಷದ ದಾಖಲೆ. ಶೇಡ್ ನೆಟ್‌ನ ಕಂಬಗಳನ್ನು ಸಿಮೆಂಟ್ ತುಂಬಿದ ಬಕೆಟ್‌ನಲ್ಲಿ ಸುಮ್ನೆ ನಿಲ್ಲಿಸಿದ್ದರು, ಯಾವ ಗೋಡೆಗೂ ಕಟ್ಟಿರಲಿಲ್ಲ. ಗಾಳಿಗೆ ನೆಟ್ ಹಾಯಿಯ ಹಾಗೆ ಉಬ್ಬಿ ಕಂಬ ಸಮೇತ ಹಾರಿ ಪಕ್ಕದ ಮನೆಯ ಸೋಲಾರ್ ಹೀಟರ್ ಮೇಲೆ ಬಿತ್ತು. ಅದರ ಗಾಜಿನ ಟ್ಯೂಬ್‌ಗಳ ದುಡ್ಡು ನಾವೇ ಕೊಟ್ಟೆವು. ಯಾರ ತಲೆ ಮೇಲೂ ಬೀಳಲಿಲ್ಲ, ಪುಣ್ಯ. ಇತ್ತ ಬ್ಯಾಗ್‌ಗಳಲ್ಲಿ ನೀರು ನಿಂತಿತ್ತು. ಸುರಿದು ನೋಡಿದರೆ ಕೆಳಗಡೆ ಅರ್ಧದಷ್ಟು ಯಾವುದೋ ಪಾಯ ಅಗೆದ ಜೇಡಿಮಣ್ಣು, ಮಧ್ಯೆ ಮಧ್ಯೆ ಸಿಮೆಂಟ್ ಚೂರು. ಮೇಲೆ ಮಾತ್ರ ಚೆಂದದ ಕಪ್ಪು ಗೊಬ್ಬರ. ಬೇರೆಲ್ಲಾ ಕೊಳೆತು ವಾಸನೆ. ಬ್ಯಾಗಿನಿಂದ ತುಳುಕಿದ ಮಣ್ಣು ಟೆರೇಸಿನ ಮಳೆನೀರಿನ ಪೈಪಿಗೆ ಕಟ್ಟಿಕೊಂಡು ನೀರು ಅಲ್ಲೇ ನಿಂತಿತು, ಎರಡು ದಿನಕ್ಕೆ ಕೆಳಗಿನ ಮನೆ ಆಂಟಿಯ ಬೆಡ್‌ರೂಮ್ ಸೀಲಿಂಗ್ ಒದ್ದೆ.

ಹಾಗಾಗಿ ಯಾರ ಹತ್ತಿರ ಮಾಡಿಸಿದರೂ ಬ್ಯಾಗ್ ತುಂಬುವಾಗ ಎದುರಿಗೇ ನಿಂತಿರಿ. ಒಂದು ಬ್ಯಾಗಿಗೆ ಒಂದು ಮಗ್ ನೀರು ಹಾಕಿಸಿ ನೋಡಿ, ಮೇಲೇ ನಿಂತರೆ ಆ ಮಣ್ಣು ವಾಪಸ್ ಕಳಿಸಿ. ನಮಗೆ ಹಾಕಿದ್ದು ಶೇಕಡಾ 75ರಷ್ಟು ಬಿಸಿಲು ತಡೆಯುವ ದಟ್ಟ ನೆಟ್, ಗಿಡಗಳು ಬೆಳಕಿಗೆ ಕತ್ತು ಚಾಚಿ ಸೊರಗಿದವು. ತರಕಾರಿಗೆ ಶೇಕಡಾ 50 ಸಾಕು, ಜೋರು ಮಳೆಗಾಳಿ ಅಂದರೆ ಬಿಚ್ಚಿಡಲು ಬರುವಂತಿರಬೇಕು. ಬೀಜದ ಪ್ಯಾಕೆಟ್ ಮೇಲೆ ಲಾಟ್ ನಂಬರ್, ಮೊಳಕೆಯ ಪ್ರಮಾಣ, ಪರೀಕ್ಷೆ ಮಾಡಿದ ದಿನ ಇದೆಯಾ ನೋಡಿ. ನಮಗೆ ಕೊಟ್ಟಿದ್ದು ಬಿಳಿ ಜಿಪ್ ಕವರ್, ಪೆನ್ನಿನಲ್ಲಿ ‘ಟೊಮೆಟೊ ಸ್ಪೆಷಲ್’. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೇ ಬೀಜ ಮಾರುತ್ತಾರೆ, ಎಲೆ ಮುದುಡು ರೋಗ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ಅವರದ್ದೇ.

ದುಡ್ಡು ವಾಪಸ್ ಕೇಳಿದ್ದಕ್ಕೆ ‘ಮಳೆ ನಮ್ಮ ಕೈಲಿದೆಯಾ ಮೇಡಂ’ ಅಂದರು. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದರೆ ಬಿಲ್‌ನಲ್ಲಿದ್ದದ್ದು ‘ಗಾರ್ಡನ್ ಕೆಲಸ, 28,000’ ಅಂತ ಒಂದೇ ಸಾಲು. ಎಂಥ ಮಣ್ಣು, ಎಷ್ಟು ದಟ್ಟದ ನೆಟ್, ಕಂಬ ಹೇಗೆ ನಿಲ್ಲಿಸುತ್ತಾರೆ, ಎಲ್ಲವನ್ನೂ ಬಿಲ್‌ನಲ್ಲಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಡ್ವಾನ್ಸ್ ಕೊಡಬೇಡಿ.