ಕಾಟೇಜ್ ಅಂತ ಹೆಸರು, ನೋಡಿದ್ರೆ ದೊಡ್ಡ ರೈತನ ಮನೆ

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಪಕ್ಕದ ಶಾಟರಿ ಹಳ್ಳಿಯಲ್ಲಿರೋ ಆನ್ ಹ್ಯಾಥ್‌ವೇ ಕಾಟೇಜ್ ನೋಡಿಬಂದೆ. ಷೇಕ್ಸ್‌ಪಿಯರನ ಹೆಂಡತಿಯ ತವರುಮನೆ. ಆದರೆ ನಾನು ಹೋಗಿದ್ದು ಸುಮ್ನೆ ಅದರ ಮರದ ಕೆಲಸ ನೋಡೋಕೆ.

ಮನೆಯ ಹಳೇ ಭಾಗ 15ನೇ ಶತಮಾನದ್ದು. ಅಲ್ಲಿ 'ಕ್ರಕ್' ಅನ್ನೋ ಕಟ್ಟು ಇದೆ. ಬಾಗಿದ ಎರಡು ಓಕ್ ತೊಲೆಗಳು ಕೆಳಗಿನಿಂದ ಎದ್ದು ಮೇಲೆ ಚಾವಣಿಯ ತುದಿಯಲ್ಲಿ ಸೇರುತ್ತವೆ, ಕೈ ಮುಗಿದ ಹಾಗೆ. ಸಾಮಾನ್ಯವಾಗಿ ಒಂದೇ ಮರವನ್ನು ಉದ್ದಕ್ಕೆ ಸೀಳಿ ಇಂಥ ಜೋಡಿ ಮಾಡುತ್ತಿದ್ದರು. ಅದಕ್ಕೇ ಎರಡೂ ಕನ್ನಡಿಯಲ್ಲಿ ಕಂಡ ಹಾಗೆ ಬಾಗಿರುತ್ತವೆ. ಹಸಿ ಮರದಲ್ಲೇ ಕೆತ್ತಿ, ಮರದ ಗೂಟ ಬಡಿದು ಕೂಡಿಸುತ್ತಿದ್ದರು. ಮರ ಒಣಗಿದಷ್ಟೂ ಕೀಲು ಬಿಗಿ. ಎಂಥ ಲೆಕ್ಕಾಚಾರ, ಅಲ್ವಾ? ಛಾವಣಿಯ ಭಾರವೆಲ್ಲ ಈ ತೊಲೆಗಳ ಮೇಲೇ. ಗೋಡೆ ಬರೀ ಮರೆ.

ಮನೆಯ ಎತ್ತರವಾಗಿರೋ ಭಾಗ 17ನೇ ಶತಮಾನದಲ್ಲಿ ಸೇರಿದ್ದು. ನನಗೆ ಅಷ್ಟು ಹಿಡಿಸಲಿಲ್ಲ.

1969ರಲ್ಲಿ ಇಲ್ಲಿ ಬೆಂಕಿ ಬಿದ್ದಿತ್ತು. ಹುಲ್ಲಿನ ಚಾವಣಿ, ಇನ್ನೇನಾಗುತ್ತೆ! ಆಮೇಲೆ ರಿಪೇರಿ ಮಾಡಿದರು. ಈಗ ಇದು ಗ್ರೇಡ್ ಒನ್ ಪಟ್ಟಿಯಲ್ಲಿರೋ ಕಟ್ಟಡ, ಅಂದ್ರೆ ಇಂಗ್ಲೆಂಡಿನಲ್ಲಿ ಕಾನೂನಿನ ರಕ್ಷಣೆ ಇರೋ ಕಟ್ಟಡಗಳಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯದು. ಅನುಮತಿ ಇಲ್ಲದೆ ಅದರ ಸ್ವರೂಪ ಬದಲಾಯಿಸೋ ಹಾಗಿಲ್ಲ.

ಕ್ಯಾಲೆಂಡರ್ ಫೋಟೋ ನೋಡಿ ಪುಟ್ಟ ಗುಡಿಸಲು ಅಂದುಕೊಂಡು ಹೋಗಬೇಡಿ, 12 ಕೋಣೆ ಇವೆ. ತೋಟದಲ್ಲಿ ಸೆಲ್ಫಿ ಆಮೇಲೆ. ಮೊದಲು ಒಳಗೆ ಹೋಗಿ ತಲೆ ಎತ್ತಿ ಆ ತೊಲೆಗಳನ್ನು ನೋಡಿ. ನಾನಂತೂ ಕತ್ತು ನೋಯೋವರೆಗೂ ನೋಡಿದೆ.