ಸಂಪಿನ ಬಾಲ್ ಕಾಕ್: ಹಿತ್ತಾಳೆಯೋ, ಪ್ಲಾಸ್ಟಿಕ್ಕೋ?

ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಸಂಪು ತುಂಬಿದ ಕೂಡಲೇ ನೀರು ತಾನಾಗಿ ನಿಲ್ಲಬೇಕೆಂದರೆ ಬಾಲ್ ಕಾಕ್, ಅಂದರೆ ತೇಲುವ ಚೆಂಡು ಮೇಲೇರಿದಂತೆ ತಾನೇ ಮುಚ್ಚಿಕೊಳ್ಳುವ ನಲ್ಲಿ, ಬೇಕೇ ಬೇಕು. ಕರೆಂಟ್ ಬೇಡ, ಸೆನ್ಸರ್ ಬೇಡ. ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ: ಉದ್ದ ಕಡ್ಡಿಯ ಹಿತ್ತಾಳೆಯದು, ಅದೇ ಆಕಾರದ ಪ್ಲಾಸ್ಟಿಕ್ಕಿನದು, ಕಡ್ಡಿಯಿಲ್ಲದೆ ನೆಟ್ಟಗೆ ನಿಲ್ಲುವ ಹೊಸ ಮಾದರಿ. ಸಂಪಿಗಾದರೆ ಕಣ್ಣು ಮುಚ್ಚಿಕೊಂಡು ಮೊದಲನೆಯದನ್ನೇ ತನ್ನಿ. ಆದರೆ ಅದರಲ್ಲೂ ಆರಿಸಬೇಕು.

ಹಿತ್ತಾಳೆಯದರಲ್ಲಿ ಭಾರತೀಯ ಮಾನಕದ ಐಎಸ್ 1703 ಗುರುತು ಇದೆಯೇ ನೋಡಿ. ಪ್ಲಾಸ್ಟಿಕ್ ಚೆಂಡಿನ ಮಾನಕ ಬೇರೆ, ಐಎಸ್ 9762. ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಪ್ಲಂಜರ್ (ನೀರಿನ ರಂಧ್ರ ಮುಚ್ಚಲು ಒಳಗೆ ಹಿಂದೆ ಮುಂದೆ ಸರಿಯುವ ತುಂಡು) ಎಲ್ಲೂ ಹಿಡಿಯದೆ ಜಾರಬೇಕು. ಕಡ್ಡಿ ಕೂಡುವ ಜಾಗದ ಸ್ಪ್ಲಿಟ್ ಪಿನ್ ಕಡೆಗೂ ಗಮನ ಇರಲಿ. ಅಗ್ಗದ ಮಾಲಿನಲ್ಲಿ ಬಾಡಿ ಹಿತ್ತಾಳೆ, ಪಿನ್ ಮಾತ್ರ ಕಬ್ಬಿಣ. ಅದು ತುಕ್ಕು ಹಿಡಿದು ಮುರಿದರೆ ಕಡ್ಡಿ ಕಳಚಿ ಬೀಳುತ್ತದೆ, ಬೆಳಗಿನ ತನಕ ನೀರು ಚರಂಡಿ ಪಾಲು. ಹಿತ್ತಾಳೆಯದೋ ಸ್ಟೇನ್‌ಲೆಸ್ಸಿನದೋ ಪಿನ್ ಹಾಕಿಸಿಕೊಂಡೇ ಅಂಗಡಿ ಬಿಡಿ.

ಚೆಂಡಿನಲ್ಲಿ ಜಿಪುಣತನ ಬೇಡ. ನಾಲ್ಕೂವರೆ ಇಂಚಿನ ಚೆಂಡು ಅರ್ಧ ಮುಳುಗಿದಾಗ ಅದನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 390 ಗ್ರಾಂ. ಕಡ್ಡಿ ಸನ್ನೆಯಂತೆ ಆ ಬಲವನ್ನು ಹತ್ತು ಪಟ್ಟು ಮಾಡುತ್ತದೆ ಎಂದಿಟ್ಟುಕೊಂಡರೆ, ಪ್ಲಂಜರ್ ತುದಿಯ ವಾಷರ್ ಮೇಲೆ ಬೀಳುವುದು 4 ಕೆ.ಜಿ.ಗಿಂತ ತುಸು ಕಡಿಮೆ. ವಾಷರ್ ಒತ್ತಿ ಕೂರುವ ಸೀಟಿನ ರಂಧ್ರ 6 ಮಿ.ಮೀ. ಇದ್ದರೆ, ಚದರ ಸೆಂ.ಮೀ.ಗೆ 4 ಕೆ.ಜಿ. ಒತ್ತಡದ ನೀರು ಎದುರು ತಳ್ಳುವುದು 1.1 ಕೆ.ಜಿ. ಮಾತ್ರ, ಸಲೀಸಾಗಿ ಮುಚ್ಚುತ್ತದೆ. ರಂಧ್ರ 12 ಮಿ.ಮೀ. ಆದರೆ ಅದೇ ನೀರು ನಾಲ್ಕೂವರೆ ಕೆ.ಜಿ. ತಳ್ಳುತ್ತದೆ, ಚೆಂಡು ಇನ್ನಷ್ಟು ಮುಳುಗುವ ತನಕ ತೊಟ್ಟಿಕ್ಕುತ್ತಲೇ ಇರುತ್ತದೆ. ಹಾಗಾಗಿ ಒತ್ತಡ ಜಾಸ್ತಿಯಿರುವ ಲೈನಿಗೆ ಸಣ್ಣ ರಂಧ್ರದ್ದು, ಟ್ಯಾಂಕಿನಿಂದ ಟ್ಯಾಂಕಿಗೆ ಇಳಿಯುವ ನೀರಿಗೆ ದೊಡ್ಡದು.

ಪ್ಲಾಸ್ಟಿಕ್ಕಿನದು ಉಪ್ಪು ನೀರಿಗೆ ಜಗ್ಗುವುದಿಲ್ಲ, ಬೆಲೆಯೂ ಕಡಿಮೆ. ದನದ ತೊಟ್ಟಿಗೆ ಧಾರಾಳವಾಗಿ ಸಾಕು. ಒತ್ತಡ ಏರಿದರೆ ಕಡ್ಡಿ ಬಾಗುತ್ತದೆ, ಥ್ರೆಡ್ ಸವೆಯುತ್ತದೆ. ನೆಟ್ಟಗಿನ ಮಾದರಿ ಇಕ್ಕಟ್ಟಾದ ಟ್ಯಾಂಕಿಗೆ ಚೆನ್ನ: ತುಂಬುವವರೆಗೂ ಪೂರ್ತಿ ಧಾರೆ, ಆಮೇಲೆ ಥಟ್ಟನೆ ಬಂದ್. ಆದರೆ ಒಳಗಿನ ಡಯಾಫ್ರಾಮಿನ (ಬಾಗುವ ತೆಳು ಪೊರೆಯ) ಸೂಜಿಗಾತ್ರದ ತೂತಿಗೆ ಮಣ್ಣು ಕಟ್ಟಿಕೊಂಡರೆ ಅದು ಮುಚ್ಚುವುದೇ ಇಲ್ಲ. ಎರಡು ದಿನ ಖಾಲಿಯಿದ್ದ ಪೈಪಿನಲ್ಲಿ ಮೊದಲು ಬರುವ ಕೆಂಪು ನೀರು ನೆನಪಿಸಿಕೊಳ್ಳಿ.

ಅರ್ಧ ಇಂಚಿನ ಕಾಕ್‌ಗೆ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ 22 ಮಿ.ಮೀ. ತೂತು, ಮುಕ್ಕಾಲು ಇಂಚಿನದಕ್ಕೆ 28. ಸಿಪಿವಿಸಿ ಪೈಪಾದರೆ ಹಿತ್ತಾಳೆ ಥ್ರೆಡ್ಡಿನ ಎಲ್ಬೋ ಹಾಕಿಸಿ. ಬರೀ ಪ್ಲಾಸ್ಟಿಕ್ ಥ್ರೆಡ್ಡಿಗೆ ಬಿಗಿದರೆ ಬಿರುಕು ಬಿಡುತ್ತದೆ. ಕಾಕ್‌ಗಿಂತ ಮೊದಲು ಒಂದು ಗೇಟ್ ವಾಲ್ವ್, ಕಸ ತಡೆಯುವ ಒಂದು ವೈ ಸ್ಟ್ರೈನರ್ ಇರಲಿ. ಓವರ್‌ಫ್ಲೋ ಪೈಪು ಒಳಬರುವ ಪೈಪಿಗಿಂತ ಒಂದು ಸೈಜು ದೊಡ್ಡದಿರಬೇಕು, ಕಾಕ್‌ಗಿಂತ ಕೆಳಗಿರಬೇಕು. ಸದ್ದು ಬರುತ್ತದೆಂದು ಕಾಕ್ ಬಾಯಿಗೆ ಪೈಪು ಸಿಕ್ಕಿಸಿ ನೀರಿನೊಳಗೆ ಇಳಿಬಿಡುವ ಚಾಳಿ ಅಪಾಯಕಾರಿ. ಸರಬರಾಜು ನಿಂತು ಲೈನು ಖಾಲಿಯಾಗುವಾಗ ನಿಮ್ಮ ಸಂಪಿನ ನೀರನ್ನೇ ಹಿಂದಕ್ಕೆ ಹೀರಿ ಬೀದಿಯ ಪೈಪಿಗೆ ಸೇರಿಸುತ್ತದೆ. ಕಾಕ್ ಬಾಯಿಗೂ ನೀರಿನ ಮಟ್ಟಕ್ಕೂ ಪೈಪಿನ ವ್ಯಾಸದ ಎರಡರಷ್ಟು, ಕಡಿಮೆಯೆಂದರೂ ಒಂದು ಇಂಚು ಅಂತರ ಬಿಡಿ.

ಮಟ್ಟ ಇಳಿಸಬೇಕೇ? ಹಿತ್ತಾಳೆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ಕೆಳಕ್ಕೆ ಬಗ್ಗಿಸಿ; ಪ್ಲಂಜರ್ ಕಡೆಗೆ ಭಾರ ಬೀಳಬಾರದು. ತೊಟ್ಟಿಕ್ಕುತ್ತಿದ್ದರೆ ಹೊಸ ಕಾಕ್ ತರುವ ಮೊದಲು ಪ್ಲಂಜರ್ ಬಿಚ್ಚಿ. ಹೆಚ್ಚಿನ ಸಲ ವಾಷರಿನಲ್ಲಿ ಉಂಗುರದಂತೆ ಗುಂಡಿ ಬಿದ್ದಿರುತ್ತದೆ, ಇಲ್ಲವೇ ಮರಳ ಕಾಳೊಂದು ಕಚ್ಚಿಕೊಂಡಿರುತ್ತದೆ. ಬೋರ್‌ವೆಲ್ ನೀರಿನ ಬಿಳಿ ಪದರಕ್ಕೆ ನಿಂಬೆ ಉಪ್ಪಿನ ನೀರಿನಲ್ಲಿ ಒಂದು ತಾಸು ನೆನೆಹಾಕಿ, ಹಳೆಯ ಬ್ರಷ್ಷಿನಿಂದ ಉಜ್ಜಿ. ಚೆಂಡು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕಿದರೆ ಅದನ್ನು ಎಸೆಯುವುದೇ ಸರಿ. ಎಂ-ಸೀಲ್ ಮೆತ್ತಿ ನಂಬಿ ಕೂರಬೇಡಿ.

ಮೋಟರಿನಿಂದ ಮೇಲಿನ ಟ್ಯಾಂಕಿಗೆ ಹತ್ತುವ ಪೈಪಿಗೆ ಮಾತ್ರ ಬಾಲ್ ಕಾಕ್ ಹಾಕಲೇಬೇಡಿ. ಟ್ಯಾಂಕ್ ತುಂಬಿ ಕಾಕ್ ಮುಚ್ಚಿದರೂ ಮೋಟರ್ ಓಡುತ್ತಲೇ ಇರುತ್ತದೆ; ಪಂಪಿನೊಳಗೆ ಸಿಕ್ಕಿದ ನೀರು ಕಾದು ಸೀಲ್ ಹಾಳಾಗುತ್ತದೆ, ಸಡಿಲ ಜಾಯಿಂಟ್ ಇದ್ದರೆ ಕಿತ್ತುಕೊಳ್ಳುತ್ತದೆ. ಅಲ್ಲಿಗೆ ಮೋಟರನ್ನೇ ಆಫ್ ಮಾಡುವ ಫ್ಲೋಟ್ ಸ್ವಿಚ್ ಬೇಕು.